ಕೊಟಕಾಚಿಯಲ್ಲಿ ತಿಂಗಳಿಗೆ 1,500 ಡಾಲರ್ ಸಾಲುತ್ತಾ?

ಪ್ರಶ್ನೆ: ನಾವು ಮೈಸೂರಿನವರು. ನ್ಯೂಜೆರ್ಸಿಗೆ ಬಂದು ಮೂವತ್ತು ವರ್ಷ ಆಗುತ್ತಾ ಬಂತು, ಇಬ್ಬರಿಗೂ ಅಮೆರಿಕದ ಪೌರತ್ವ ಇದೆ. ನಮ್ಮ ಯಜಮಾನರಿಗೆ 66, ನನಗೆ 63. ಅವರಿಗೆ ತಿಂಗಳಿಗೆ 1,900 ಡಾಲರ್ ಸೋಶಿಯಲ್ ಸೆಕ್ಯುರಿಟಿ ಪಿಂಚಣಿ ಬರುತ್ತದೆ, ನನಗೆ 800. ಇಲ್ಲಿನ ಬಾಡಿಗೆಗೇ ಅದರಲ್ಲಿ ಮುಕ್ಕಾಲು ಹೋಗುತ್ತಿದೆ. ಈಕ್ವೆಡಾರ್ ದೇಶದ ಕೊಟಕಾಚಿ ಅನ್ನುವ ಬೆಟ್ಟದ ಊರಲ್ಲಿ 1,500 ಡಾಲರ್‌ಗೆ ಇಬ್ಬರು ಆರಾಮಾಗಿ ಇರಬಹುದು ಅಂತ ಪರಿಚಯದವರು ಹೇಳುತ್ತಿದ್ದಾರೆ. ಯಜಮಾನರಿಗೆ ಬಿಪಿ ಇದೆ, 3 ವರ್ಷದ ಹಿಂದೆ ಒಂದು ಸ್ಟೆಂಟ್ ಹಾಕಿದ್ದಾರೆ. ನಾವು ಸಸ್ಯಾಹಾರಿಗಳು. ಅಷ್ಟು ಎತ್ತರ ಅವರಿಗೆ ಆಗುತ್ತಾ? ದುಡ್ಡು ಸಾಲುತ್ತಾ? ಅಲ್ಲೇ 80,000 ಡಾಲರ್‌ಗೆ ಒಂದು ಮನೆ ಇದೆಯಂತೆ, ತಗೊಂಡುಬಿಡೋಣವಾ?

ಉತ್ತರ: ಕೊನೇ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಮನೆ ತಗೋಬೇಡಿ. ಕಡೇ ಪಕ್ಷ ಒಂದು ವರ್ಷ ಬಾಡಿಗೆಗೆ ಇದ್ದು ನೋಡುವ ತನಕ ಬೇಡ. ಉಳಿದ ಎರಡು ಪ್ರಶ್ನೆಗೂ ಉತ್ತರ ‘ಹೌದು’, ಆದರೆ ಎರಡಕ್ಕೂ ಒಂದೊಂದು ಬಾಲ ಇದೆ. ನಾನು ಇರುವುದು ಇದೇ ಇಂಬಾಬುರಾ ಪ್ರಾಂತ್ಯದಲ್ಲಿ. ಹೊರಗಿನಿಂದ ಬಂದು ನೆಲೆಸುವವರಿಗೆ ಕಾಗದಪತ್ರ, ಮನೆ, ಆಸ್ಪತ್ರೆ ವಿಷಯದಲ್ಲಿ ದಾರಿ ತೋರಿಸುವುದು ನನ್ನ ಕೆಲಸ. ಬಂದವರಲ್ಲಿ ಖುಷಿಯಾಗಿ ಉಳಿದವರೂ ಇದ್ದಾರೆ, ವರ್ಷದೊಳಗೆ ಗಂಟುಮೂಟೆ ಕಟ್ಟಿದವರೂ ಇದ್ದಾರೆ. ಹೋದವರಲ್ಲಿ ‘ಅಲ್ಲಿ ತುಟ್ಟಿ’ ಅಂತ ಹೋದವರು ಕಮ್ಮಿ. ಆರೋಗ್ಯ ಕೆಟ್ಟೋ, ಮೊಮ್ಮಕ್ಕಳ ನೆನಪಾಗಿಯೋ, ರಸ್ತೆ ಬಂದ್ ಆಗಿ ಹೆದರಿಯೋ ಹೋದವರೇ ಜಾಸ್ತಿ. ಅದಕ್ಕೇ ನಾನು ಲೆಕ್ಕ ಹಾಕುವಾಗ ಊರಲ್ಲಿ ಇರುವುದಕ್ಕೆ ಎಷ್ಟು ಬೇಕು ಅನ್ನುವುದರ ಜೊತೆಗೆ, ಬೇಕಾದಾಗ ಊರು ಬಿಟ್ಟು ಹೊರಡುವುದಕ್ಕೆ ಎಷ್ಟು ಬೇಕು ಅಂತಲೂ ಕೇಳುತ್ತೇನೆ.

ಮೊದಲು ಎತ್ತರದ ವಿಷಯ. ಕೊಟಕಾಚಿ ಸಮುದ್ರ ಮಟ್ಟದಿಂದ ಸುಮಾರು 2,400 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಸುಮಾರು 500 ಮೀಟರ್ ಜಾಸ್ತಿ, ಊಟಿಗಿಂತಲೂ ಸ್ವಲ್ಪ ಮೇಲೆ. ಇಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮುಕ್ಕಾಲು ಭಾಗ ಇರುತ್ತದೆ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಮ್ಮಿ. ಕೇಳುವುದಕ್ಕೆ ಭಯ ಆಗುತ್ತದೆ, ಅಲ್ವಾ? ಆದರೆ ನೀವು ಮೈಸೂರಿಗೆ ಹೋಗಿಬರುವಾಗ ಗಂಟೆಗಟ್ಟಲೆ ಕೂತಿರುತ್ತೀರಲ್ಲ, ಆ ವಿಮಾನದೊಳಗಿನ ಗಾಳಿಯೂ ಇಷ್ಟೇ ತೆಳುವಾಗಿರಬಹುದು. ಕ್ಯಾಬಿನ್ ಒತ್ತಡ 2,400 ಮೀಟರ್ ಎತ್ತರದ ಮಟ್ಟಕ್ಕಿಂತ ಕೆಳಗೆ ಇಳಿಯಬಾರದು ಅನ್ನುವುದು ವಿಮಾನಗಳ ನಿಯಮ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಕೊಟಕಾಚಿ ಆ ಗೆರೆಯ ಈಚೆ ಇದೆ. ಪೆರುವಿನ ಕುಸ್ಕೊ 3,400 ಮೀಟರ್, ಬೊಲಿವಿಯಾದ ಲಾ ಪಾಸ್ 3,600 ಮೀಟರ್. ಸ್ಟೆಂಟ್ ಇರುವವರು ನೆಲೆಸುವುದಕ್ಕೆ ಆ ಊರುಗಳನ್ನು ಕೇಳಿದ್ದರೆ ನನ್ನ ಉತ್ತರವೇ ಬೇರೆ ಇರುತ್ತಿತ್ತು.

ಹಾಗಂತ ಸುಮ್ನೆ ಟಿಕೆಟ್ ತೆಗೆಯುವುದಲ್ಲ. ಯಜಮಾನರ ಹೃದಯದ ಡಾಕ್ಟರ ಹತ್ತಿರ ಎತ್ತರ ಎಷ್ಟು ಅಂತ ಸರಿಯಾಗಿ ಹೇಳಿ ಕೇಳಿ. ‘ಬೆಟ್ಟದ ಊರು’ ಅಂದರೆ ಅವರು ಏನು ಬೇಕಾದರೂ ಅಂದುಕೊಳ್ಳಬಹುದು. ಹೊರಡುವ ಮುಂಚೆ ಒಂದು ಸ್ಟ್ರೆಸ್ ಟೆಸ್ಟ್ ಮಾಡಿಸಬೇಕಾ ಅಂತಲೂ ಕೇಳಿ. ಎತ್ತರಕ್ಕೆ ಬಂದ ಮೊದಲ ವಾರಗಳಲ್ಲಿ ಬಿಪಿ ಸ್ವಲ್ಪ ಏರುವುದು ಉಂಟು. ಮನೆಯಲ್ಲಿ ಬಿಪಿ ಮೆಷಿನ್ ಇರಲಿ, ದಿನಾ ಬರೆದಿಡಿ, ಮಾತ್ರೆಯ ಪ್ರಮಾಣ ನೀವೇ ಬದಲಾಯಿಸಬೇಡಿ. ಮೊದಲ ಕೆಲವು ರಾತ್ರಿ ನಿದ್ದೆ ತುಂಡು ತುಂಡಾಗುತ್ತದೆ. ಮಲಗಿದವರ ಉಸಿರು ಒಂದು ಕ್ಷಣ ನಿಂತು ಮತ್ತೆ ಜೋರಾಗಿ ಶುರುವಾದ ಹಾಗೆ ಪಕ್ಕದಲ್ಲಿ ಮಲಗಿದವರಿಗೆ ಕೇಳಿಸುತ್ತದೆ. ಎತ್ತರದಲ್ಲಿ ಇದು ಬಹಳ ಜನಕ್ಕೆ ಆಗುತ್ತದೆ, ಹೆದರಬೇಡಿ. ಎದೆ ನೋವು, ಕೂತಲ್ಲೇ ಏದುಸಿರು, ನಡೆಯುವಾಗ ಓಲಾಡುವುದು, ಇವು ಬಂದರೆ ಮಾತ್ರ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ. ಶ್ವಾಸಕೋಶದ ಹಳೇ ಕಾಯಿಲೆ ಇದ್ದವರಿಗೆ, ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಜಾಸ್ತಿ ಇದ್ದವರಿಗೆ ಇಷ್ಟು ಎತ್ತರವೂ ಒಳ್ಳೆಯದಲ್ಲ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ರಾಜಧಾನಿ ಕೀಟೊ ಕೊಟಕಾಚಿಗಿಂತ ಎತ್ತರದಲ್ಲಿದೆ, 2,850 ಮೀಟರ್. ‘ಎರಡು ದಿನ ಕೀಟೊದಲ್ಲಿದ್ದು ಒಗ್ಗಿಸಿಕೊಂಡು ಆಮೇಲೆ ಬೆಟ್ಟದ ಊರಿಗೆ ಹೋಗೋಣ’ ಅಂತ ಪ್ಲಾನ್ ಹಾಕಿದರೆ ಲೆಕ್ಕ ತಲೆಕೆಳಗಾಗುತ್ತದೆ. ವಿಮಾನ ನಿಲ್ದಾಣ ಇರುವುದು ನಗರದ ಹೊರಗೆ ತಬಬೇಲಾದಲ್ಲಿ, ಹೆಚ್ಚುಕಮ್ಮಿ ಕೊಟಕಾಚಿಯ ಎತ್ತರದಲ್ಲೇ. ಅಲ್ಲಿಂದ ಕಯಾಂಬೆ ಮೇಲಾಗಿ ಒಟವಾಲೊ ಕಡೆಗೆ ರಸ್ತೆ ಇದೆ. ಕೀಟೊ ನಗರದೊಳಗೆ ಹೋಗುವುದೇ ಬೇಡ, ಎರಡು ಗಂಟೆ ಒಳಗೆ ಮನೆ ಸೇರುತ್ತೀರಿ. ಬಂದ ಮೊದಲ ವಾರವೇ ಕುಯಿಕೊಚಾ ಸರೋವರ ನೋಡಲು ಓಡಬೇಡಿ. ಟ್ಯಾಕ್ಸಿಯಲ್ಲಿ ಅರ್ಧ ಗಂಟೆ ಅಷ್ಟೇ, ಜ್ವಾಲಾಮುಖಿಯ ಬಾಯಲ್ಲಿ ನೀರು ತುಂಬಿಕೊಂಡಿರುವ ಅದ್ಭುತವಾದ ಜಾಗ. ಆದರೆ ಅದು 3,000 ಮೀಟರ್‌ಗಿಂತ ಮೇಲಿದೆ, ಸುತ್ತುವ ಕಾಲುದಾರಿ ಇನ್ನೂ ಮೇಲೆ ಹತ್ತುತ್ತದೆ. ಹೊಸಬರ ತಲೆನೋವು ಶುರುವಾಗುವುದು ಬಹುಪಾಲು ಅಲ್ಲೇ.

ಬಿಸಿಲನ್ನು ಹಗುರವಾಗಿ ತಗೋಬೇಡಿ. ಊರು ಭೂಮಧ್ಯರೇಖೆಯ ಪಕ್ಕದಲ್ಲೇ ಇದೆ, ಮೇಲೆ ಗಾಳಿ ತೆಳು. ಮೈಗೆ ತಂಪಾಗಿಯೇ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೂಗಿನ ಸಿಪ್ಪೆ ಏಳುತ್ತದೆ. ಅಗಲ ಅಂಚಿನ ಟೋಪಿ ಇಲ್ಲೇ ಸಿಗುತ್ತದೆ. ಸನ್‌ಸ್ಕ್ರೀನ್ ಮಾತ್ರ ಇಲ್ಲಿ ಸಿಕ್ಕಾಪಟ್ಟೆ ತುಟ್ಟಿ, ಅಮೆರಿಕದಿಂದಲೇ ತನ್ನಿ.

ಈಗ ದುಡ್ಡು. ಈಕ್ವೆಡಾರ್ 2000ನೇ ಇಸವಿಯಲ್ಲಿ ತನ್ನ ಸುಕ್ರೆ ನಾಣ್ಯ ಬಿಟ್ಟು ಅಮೆರಿಕದ ಡಾಲರನ್ನೇ ದೇಶದ ಹಣ ಮಾಡಿಕೊಂಡಿತು. ಆಗ ಒಂದು ಡಾಲರ್‌ಗೆ 25,000 ಸುಕ್ರೆ ಇತ್ತು. ನಿಮಗೆ ಇದರಿಂದ ಒಂದು ನೆಮ್ಮದಿ ಇದೆ. ಪಿಂಚಣಿ ಬರುವುದೂ ಡಾಲರ್, ಖರ್ಚೂ ಡಾಲರ್, ವಿನಿಮಯ ದರದ ಏರುಪೇರು ನಿಮ್ಮನ್ನು ಮುಟ್ಟುವುದಿಲ್ಲ. ಬೆಂಗಳೂರಿನ ಬಾಡಿಗೆ ಆದಾಯ ನಂಬಿಕೊಂಡು ಬರುವವರಿಗೆ ಆ ನೆಮ್ಮದಿ ಇಲ್ಲ. ಅಂದಹಾಗೆ 50, 100 ಡಾಲರ್ ನೋಟು ತಂದರೆ ಅಂಗಡಿಯವರು ಮುಟ್ಟುವುದೂ ಇಲ್ಲ. 20ರ ನೋಟಿಗೇ ಚಿಲ್ಲರೆ ಇಲ್ಲ ಅಂತ ಮುಖ ನೋಡುತ್ತಾರೆ. ಅಮೆರಿಕದಲ್ಲಿ ನೀವು ಅಪರೂಪಕ್ಕೆ ನೋಡಿರಬಹುದಾದ ಚಿನ್ನದ ಬಣ್ಣದ ಒಂದು ಡಾಲರ್ ನಾಣ್ಯ ಇದೆಯಲ್ಲ, ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸಿನ ಚಿತ್ರದ್ದು, ಅದು ಇಲ್ಲಿ ಕೈಯಿಂದ ಕೈಗೆ ಓಡಾಡುತ್ತದೆ. ಸಂತೆಗೆ ಹೋಗುವಾಗ ಜೇಬಲ್ಲಿ ಅದು ಒಂದಷ್ಟು ಇರಲಿ.

ನಿಮ್ಮಿಬ್ಬರ ತಿಂಗಳ ಖರ್ಚಿಗೆ ನನ್ನ ಅಂದಾಜು ಹೀಗೆ. ಎರಡು ಬೆಡ್‌ರೂಮಿನ ಸಾಧಾರಣ ಮನೆ 400 ಡಾಲರ್. ಕರೆಂಟು, ನೀರು, ಗ್ಯಾಸು, ಇಂಟರ್ನೆಟ್, ಎರಡು ಮೊಬೈಲ್ ಸೇರಿ 80. ದಿನಸಿ, ತರಕಾರಿ, ಹಾಲು 350. ಹೊರಗೆ ಊಟ, ಕಾಫಿಗೆ 100. ಬಸ್ಸು, ಟ್ಯಾಕ್ಸಿಗೆ 50. ಇಷ್ಟಕ್ಕೆ 980 ಆಯಿತು. ‘ಸಾವಿರ ಡಾಲರ್ ಸಾಕು’ ಅನ್ನುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅರ್ಧ ಹೇಳುತ್ತಿದ್ದಾರೆ.

ಉಳಿದ ಅರ್ಧ ಆರೋಗ್ಯ ಮತ್ತು ಪ್ರಯಾಣದ್ದು. ರೆಸಿಡೆನ್ಸಿ, ಅಂದರೆ ಇಲ್ಲಿ ನೆಲೆಸುವ ಪರವಾನಗಿ, ಸಿಕ್ಕ ಮೇಲೆ ಇಲ್ಲಿನ ಸರ್ಕಾರಿ ಸಾಮಾಜಿಕ ಭದ್ರತಾ ಸಂಸ್ಥೆಗೆ ಸೇರಬಹುದು. ಎಲ್ಲರೂ ಅದನ್ನು ‘ಇಯೆಸ್’ ಅನ್ನುತ್ತಾರೆ. ಸ್ವಂತವಾಗಿ ಸೇರುವವರು ಘೋಷಿಸಿದ ಆದಾಯದ 17.6% ಕಟ್ಟಬೇಕು, ಹೆಂಡತಿಯನ್ನೋ ಗಂಡನನ್ನೋ ಸೇರಿಸಿದರೆ ಇನ್ನೊಂದು 3.41%. 2025ರಲ್ಲಿ ಇಲ್ಲಿನ ಕನಿಷ್ಠ ಸಂಬಳ 470 ಡಾಲರ್ ಇತ್ತು. ಅದರ ಮೇಲೆ ಲೆಕ್ಕ ಹಾಕಿದರೆ ಇಬ್ಬರಿಗೂ ಸೇರಿ 100ರ ಹತ್ತಿರ ಬರುತ್ತದೆ. ಘೋಷಿಸಿದ ಆದಾಯ ಜಾಸ್ತಿ ಆದಷ್ಟೂ ಕಂತೂ ಏರುತ್ತದೆ. ಡಾಕ್ಟರು, ಔಷಧಿ, ಆಪರೇಷನ್ ಎಲ್ಲಾ ಅದರಲ್ಲೇ ಬರುತ್ತದೆ, ಆದರೆ ತಜ್ಞ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗಲು ವಾರಗಟ್ಟಲೆ ಕಾಯಬೇಕು, ಕೆಲವು ಔಷಧಿ ಸ್ಟಾಕ್ ಇರುವುದಿಲ್ಲ. ಅವಸರಕ್ಕೆ ಖಾಸಗಿ ಡಾಕ್ಟರ ಹತ್ತಿರ ಕೈಯಿಂದ ಕೊಟ್ಟು ತೋರಿಸುವುದು ಇಲ್ಲಿನ ವಾಡಿಕೆ. ಅಮೆರಿಕದ ದರ ಕಂಡವರಿಗೆ ಅದು ಏನೇನೂ ಅಲ್ಲ.

ಮೆಡಿಕೇರ್, ಅಂದರೆ 65 ದಾಟಿದವರಿಗೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆ, ಅಮೆರಿಕದ ಹೊರಗೆ ಚಿಕಿತ್ಸೆಗೆ ಬರುವುದಿಲ್ಲ. ಹಾಗಾದರೆ ಅದರಲ್ಲಿ ಡಾಕ್ಟರ ಖರ್ಚಿಗೆ ತಿಂಗಳ ಕಂತು ಕಟ್ಟುವ ಭಾಗ, ಪಾರ್ಟ್ ಬಿ, ಯಾಕೆ ಕಟ್ಟಬೇಕು ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ನಿಮ್ಮ ಯಜಮಾನರ ವಿಷಯದಲ್ಲಿ ನಾನು ಬಿಡಬೇಡಿ ಅನ್ನುತ್ತೇನೆ. 2025ರಲ್ಲಿ ಅದು ತಿಂಗಳಿಗೆ 185 ಡಾಲರ್ ಇತ್ತು. ಬಿಟ್ಟು ಆಮೇಲೆ ಮತ್ತೆ ಸೇರಿದರೆ, ಹೊರಗಿದ್ದ ಪ್ರತಿ ಹನ್ನೆರಡು ತಿಂಗಳಿಗೆ 10% ದಂಡ ಸೇರುತ್ತದೆ, ಅದೂ ಜೀವನಪೂರ್ತಿ. ಅದಕ್ಕಿಂತ ಮುಖ್ಯ, ಸ್ಟೆಂಟ್ ಇರುವವರಿಗೆ ಒಂದು ದಿನ ಬೈಪಾಸ್ ಬೇಕು ಅಂದರೆ ಮಗಳೋ ಮಗನೋ ಇರುವ ಊರಿಗೆ ವಾಪಸ್ ಹೋಗಿ ಮಾಡಿಸಿಕೊಳ್ಳಬೇಕು ಅಂತಲೇ ಮನಸ್ಸು ಹೇಳುತ್ತದೆ. ಆ ಬಾಗಿಲು ತೆರೆದಿರಲಿ. 980ಕ್ಕೆ ಇಯೆಸ್ 100, ಪಾರ್ಟ್ ಬಿ 185, ವರ್ಷಕ್ಕೊಂದು ಸಲ ಇಬ್ಬರೂ ಅಮೆರಿಕಕ್ಕೆ ಹೋಗಿಬರಲು ತಿಂಗಳಿಗೆ 200 ಎತ್ತಿಟ್ಟರೆ 1,465 ಆಗುತ್ತದೆ. ನಿಮಗೆ 65 ತುಂಬಿ ನಿಮ್ಮ ಪಾರ್ಟ್ ಬಿ ಕೂಡ ಶುರುವಾದರೆ 1,650. ಅಂದರೆ 1,500ಕ್ಕೆ ಇವತ್ತು ಕೂದಲೆಳೆಯಷ್ಟು ಅಂತರದಲ್ಲಿ ಸರಿಹೋಗುತ್ತದೆ, ಎರಡು ವರ್ಷ ಬಿಟ್ಟು ಸಾಲುವುದಿಲ್ಲ. ನಿಮ್ಮ ಆದಾಯ 2,700 ಇರುವುದರಿಂದ ನಾನು ಹೆದರುತ್ತಿಲ್ಲ. ಉಳಿಯುವ ಸಾವಿರವನ್ನು ಖರ್ಚಿಗೆ ಇಳಿಸದೆ, 15,000 ಡಾಲರ್ ಆಗುವ ತನಕ ಅಮೆರಿಕದ ಬ್ಯಾಂಕಿನಲ್ಲೇ ಸೇರಿಸಿ. ರಾತ್ರೋರಾತ್ರಿ ಹೊರಡಬೇಕಾಗಿ ಬಂದರೆ ಕೈಗೆ ಸಿಗುವ ದುಡ್ಡು ಅದು.

ಯಜಮಾನರಿಗೆ 66 ಆಗಿರುವುದು ಇಲ್ಲಿ ಲಾಭಕ್ಕೇ ಬರುತ್ತದೆ. ಈಕ್ವೆಡಾರ್‌ನಲ್ಲಿ 65 ದಾಟಿದವರಿಗೆ ಬಸ್ಸಿನಲ್ಲಿ, ವಿಮಾನದಲ್ಲಿ ಅರ್ಧ ಟಿಕೆಟ್, ಕರೆಂಟು ನೀರಿನ ಬಿಲ್ಲಿನಲ್ಲೂ ಒಂದು ಮಿತಿಯ ತನಕ ಕಡಿತ. ಇಲ್ಲಿನ ಗುರುತಿನ ಚೀಟಿ, ಅಂದರೆ ಸೆದುಲಾ, ಕೈಯಲ್ಲಿದ್ದರೆ ವಿದೇಶೀಯರಿಗೂ ಸಿಗುತ್ತದೆ. ಮನೆ ಬಳಕೆಯ 15 ಕೆಜಿ ಗ್ಯಾಸ್ ಸಿಲಿಂಡರಿನ ಸರ್ಕಾರಿ ದರ 1.60 ಡಾಲರ್. ಲಾರಿಯವನು ಹಾರ್ನ್ ಹೊಡೆದುಕೊಂಡು ಬಂದು ಮನೆ ಬಾಗಿಲಿಗೆ ಕೊಡುತ್ತಾನೆ, ಮೇಲೆ ಒಂದು ಡಾಲರ್ ಅವನಿಗೆ. ಸಬ್ಸಿಡಿ ಅನ್ನುವುದು ಮಾತ್ರ ಇಲ್ಲಿ ಬೆಂಕಿಯಂಥ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ.

ಬಾಡಿಗೆ ಮನೆ ಹುಡುಕುವುದರಲ್ಲೇ ಉಳಿತಾಯದ ಗುಟ್ಟು ಇದೆ. ಇಂಗ್ಲಿಷಿನಲ್ಲಿ ಹಾಕಿದ ಜಾಹೀರಾತಿನ ಮನೆಗೂ, ಕಿಟಕಿಗೆ ‘ಸೆ ಆರಿಯೆಂದಾ’ (ಬಾಡಿಗೆಗಿದೆ) ಅಂತ ಕೈಬರಹದ ಚೀಟಿ ಅಂಟಿಸಿದ ಮನೆಗೂ ಬಾಡಿಗೆಯಲ್ಲಿ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ ಇರುತ್ತದೆ. ಮೊದಲ ತಿಂಗಳು ಯಾವುದಾದರೂ ಹಾಸ್ಟೆಲ್ ರೂಮಲ್ಲಿ ಇರಿ, ಬೀದಿ ಬೀದಿ ನಡೆಯಿರಿ, ಚೀಟಿ ನೋಡಿ ಕೇಳಿ. ಮನೆ ನೋಡುವಾಗ ಪೇಂಟು, ಕಿಟಕಿಯಿಂದ ಕಾಣುವ ಬೆಟ್ಟ ಎಲ್ಲಾ ಆಮೇಲೆ. ಮೊದಲು ಕಂಬ ನೋಡಿ. 1868ರಲ್ಲಿ ಈ ಪ್ರಾಂತ್ಯವನ್ನೇ ನೆಲಸಮ ಮಾಡಿದ ಭೂಕಂಪ ಆಗಿತ್ತು, ಇಬಾರ್ರಾ, ಒಟವಾಲೊ, ಕೊಟಕಾಚಿ ಯಾವುದನ್ನೂ ಅದು ಬಿಡಲಿಲ್ಲ. ಕಬ್ಬಿಣ ಕಟ್ಟಿ ಹಾಕಿದ ಕಾಂಕ್ರೀಟ್ ಕಂಬ ಇಲ್ಲದ, ಬರೀ ಇಟ್ಟಿಗೆಯ ಮೇಲೆ ಮಹಡಿ ಎತ್ತಿದ ಮನೆ ಎಷ್ಟು ಅಗ್ಗವಾದರೂ ಬೇಡ. ಎರಡನೆಯದು, ನೀರು ಕಾಯಿಸುವ ಗ್ಯಾಸ್ ಗೀಸರ್ ಎಲ್ಲಿ ಹಾಕಿದ್ದಾರೆ ನೋಡಿ. ಬಚ್ಚಲಲ್ಲೋ ಅಡುಗೆಮನೆ ಮೂಲೆಯಲ್ಲೋ ಗಾಳಿ ಆಡದ ಕಡೆ ಇದ್ದರೆ, ಹೊರಗೆ ಹಾಕಿಸಿಕೊಡಿ ಅನ್ನಿ. ಒಪ್ಪದಿದ್ದರೆ ಮುಂದಿನ ಮನೆ. ಮುಚ್ಚಿದ ಕೋಣೆಯಲ್ಲಿ ಅದರ ಹೊಗೆ ಪ್ರಾಣ ತೆಗೆಯುತ್ತದೆ. ಮನೆಗಳಲ್ಲಿ ಹೀಟಿಂಗ್ ಇರುವುದಿಲ್ಲ. ರಾತ್ರಿ ಎಂಟು, ಹತ್ತು ಡಿಗ್ರಿಗೆ ಇಳಿಯುತ್ತದೆ, ಟೈಲ್ಸ್ ನೆಲ ಕೊರೆಯುತ್ತದೆ. ಬೆಳಗಿನ ಬಿಸಿಲು ಬೀಳುವ ಕೋಣೆಯನ್ನೇ ಮಲಗುವುದಕ್ಕೆ ಇಟ್ಟುಕೊಳ್ಳಿ, ದಪ್ಪ ಸ್ವೆಟರು, ಕಾಲುಚೀಲ ತನ್ನಿ.

ಊಟದ ವಿಷಯ ನೀವು ಕೇಳಿದ್ದಕ್ಕಿಂತ ದೊಡ್ಡದು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಈ ಎತ್ತರದಲ್ಲಿ ನೀರು ಕುದಿಯುವುದೇ 92 ಡಿಗ್ರಿಗೆ. ಸಾರು ಕೊತಕೊತ ಕುದಿಯುತ್ತಿರುತ್ತದೆ, ಒಳಗಿನ ಬೇಳೆ ಮಾತ್ರ ಬೆಂದಿರುವುದಿಲ್ಲ. ಕಾಳು, ಬೇಳೆ ಏನಿದ್ದರೂ ಕುಕ್ಕರಲ್ಲೇ ಹಾಕಿ, ನ್ಯೂಜೆರ್ಸಿಯಲ್ಲಿ ಮೂರು ವಿಷಲ್ ಇಡುತ್ತಿದ್ದರೆ ಇಲ್ಲಿ ಐದು ಇಡಿ. ಇಡ್ಲಿ ಹಿಟ್ಟು ಒಂದು ರಾತ್ರಿಗೆ ಉಬ್ಬುವುದಿಲ್ಲ. ಚಳಿ ಸಾಕಷ್ಟಿದೆ. ಹಿಟ್ಟಿನ ಪಾತ್ರೆಯನ್ನು ದಪ್ಪ ಕಂಬಳಿಯಲ್ಲಿ ಸುತ್ತಿ, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಟ್ಟು ಓವನ್ ಒಳಗೆ ಮುಚ್ಚಿಡಿ. ಓವನ್ ಹಚ್ಚಬೇಡಿ. ಮಾರನೇ ಮಧ್ಯಾಹ್ನದ ಹೊತ್ತಿಗೆ ಏಳುತ್ತದೆ, ಅಂದರೆ ಇಡ್ಲಿ ರಾತ್ರಿ ಊಟಕ್ಕೆ! ಗ್ರೈಂಡರು, ಮಿಕ್ಸಿ ಅಮೆರಿಕದಲ್ಲಿ ಕೊಂಡ 110 ವೋಲ್ಟಿನದಾಗಿದ್ದರೆ ತನ್ನಿ, ಇಲ್ಲೂ ಅದೇ ವೋಲ್ಟೇಜು, ಅದೇ ಪ್ಲಗ್ಗು. ಮೈಸೂರಿಂದ ತಂದಿಟ್ಟುಕೊಂಡ 230 ವೋಲ್ಟಿನದು ಕೆಲಸಕ್ಕೆ ಬರುವುದಿಲ್ಲ.

ಅಕ್ಕಿ ಈಕ್ವೆಡಾರ್‌ನ ಕರಾವಳಿಯಲ್ಲೇ ಬೆಳೆಯುತ್ತಾರೆ. ನಮ್ಮವರ ಹಾಗೆ ಇವರಿಗೂ ಹಳೇ ಅಕ್ಕಿಯ ಮೇಲೆ ಪ್ರೀತಿ. ‘ಆರೋಸ್ ವಿಯೆಹೊ’ ಅಂತ ಕೇಳಿ, ಉದುರುದುರಾಗಿ ಅನ್ನ ಆಗುತ್ತದೆ. ತೊಗರಿಬೇಳೆ ಇಲ್ಲಿನ ಅಂಗಡಿಯಲ್ಲಿ ಸಿಗುವುದಿಲ್ಲ. ಮಸೂರ ಮತ್ತು ಒಡೆದ ಹಳದಿ ಬಟಾಣಿ ಧಾರಾಳವಾಗಿ ಸಿಗುತ್ತದೆ, ಹುಳಿಗೆ ಅದರಲ್ಲೇ ಹೊಂದಿಸಿಕೊಳ್ಳಬೇಕು. ಹುಣಸೆ, ತೆಂಗಿನಕಾಯಿ ಕರಾವಳಿಯಿಂದ ಬರುತ್ತದೆ. ಜೀರಿಗೆ, ಅರಿಸಿನ, ಕೊತ್ತಂಬರಿ ಸೊಪ್ಪು ಇದೆ. ಬೆಲ್ಲಕ್ಕೆ ಪಾನೆಲಾ ಇದೆ, ಕೊಟಕಾಚಿಗೇ ಸೇರಿದ ಇಂತಾಗ್ ಕಣಿವೆಯಲ್ಲಿ ಕಬ್ಬು ಅರೆದು ಮಾಡುತ್ತಾರೆ. ಅದೇ ಕಣಿವೆಯ ಕಾಫಿಯೂ ಚೆನ್ನಾಗಿದೆ. ಚಿಕೋರಿ ಇಲ್ಲದೆ ನಿಮಗೆ ಕಾಫಿ ಇಳಿಯುವುದಿಲ್ಲ ಅಂದರೆ ತಂದುಕೊಳ್ಳಿ. ಇಂಗು, ಸಾರಿನ ಪುಡಿ, ಒಣಗಿಸಿದ ಕರಿಬೇವು ವರ್ಷಕ್ಕೊಂದು ಸಲ ಹೋದಾಗ ಸೂಟ್‌ಕೇಸಿನಲ್ಲಿ ಬರಲಿ. ತಾಜಾ ಸೊಪ್ಪು, ಬೀಜ, ಗಿಡ ತರಬೇಡಿ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ಸಂತೆಯಲ್ಲಿ ಆಲೂಗಡ್ಡೆಯ ಜಾತಿ ನೋಡಿಯೇ ಸುಸ್ತಾಗುತ್ತೀರಿ. ಜೋಳ, ಕಿನೋವಾ, ಬೆಣ್ಣೆಹಣ್ಣು, ಮರಟೊಮೇಟೊ, ಮೃದುವಾದ ಬಿಳಿ ಚೀಸು ಎಲ್ಲಾ ಅಗ್ಗ. ಚೊಚೊ ಅನ್ನುವ ಬಿಳಿ ಕಾಳನ್ನು ಹುರಿದ ಜೋಳದ ಜೊತೆ, ನಿಂಬೆಹುಳಿ ಹಿಂಡಿ ಪೊಟ್ಟಣದಲ್ಲಿ ಕೊಡುತ್ತಾರೆ. ಪ್ರೋಟೀನಿಗೂ ಆಯಿತು, ಸಂಜೆಯ ಕುರುಕಿಗೂ ಆಯಿತು. ದಿನಾ ಅದೇ ಹೆಂಗಸಿನ ಹತ್ತಿರ ತರಕಾರಿ ತಗೊಂಡರೆ ಕೊಸರು ಹಾಕುತ್ತಾಳೆ, ಇಲ್ಲಿ ‘ಯಾಪಾ’ ಅಂತ ಕೇಳಬೇಕು. ಚೌಕಾಸಿ ಮಾತ್ರ ಬೇಡ. ಕಾಲು ಡಾಲರಿಗೆ ಅವಳ ಜೊತೆ ಗುದ್ದಾಡುವ ವಿದೇಶೀಯರನ್ನು ಇಲ್ಲಿನವರು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ.

ಹೋಟೆಲಿನ ಮಧ್ಯಾಹ್ನದ ಊಟ, ಅಲ್ಮುಯೆರ್ಸೊ, ಮೂರು ಡಾಲರ್ ಆಸುಪಾಸಿಗೆ ಸೂಪು, ಅನ್ನದ ತಟ್ಟೆ, ಹಣ್ಣಿನ ರಸ ಕೊಡುತ್ತದೆ. ಸಸ್ಯಾಹಾರಿಗಳು ಇಲ್ಲೇ ಎಡವುವುದು. ‘ಕಾರ್ನೆ (ಮಾಂಸ) ಬೇಡ’ ಅಂದರೆ ಇವರ ಲೆಕ್ಕದಲ್ಲಿ ದನದ ಮಾಂಸ ಬೇಡ ಅಂತ ಅರ್ಥ. ತಲೆಯಾಡಿಸಿ ಕೋಳಿ ತಂದಿಡುತ್ತಾರೆ. ಕೋಳಿ ಬೇಡ, ಮೀನು ಬೇಡ, ಮೂಳೆ ಬೇಯಿಸಿದ ಸಾರೂ ಬೇಡ ಅಂತ ಒಂದೊಂದಾಗಿ ಹೇಳಬೇಕು. ಆಲೂಗಡ್ಡೆ ಸೂಪು ನೋಡುವುದಕ್ಕೆ ಸಾತ್ವಿಕವಾಗಿದ್ದರೂ ತಳದಲ್ಲಿ ಕೋಳಿ ಸಾರು ಇರಬಹುದು. ಎರಡು ಮೂರು ಹೋಟೆಲಿನವರ ಪರಿಚಯ ಮಾಡಿಕೊಂಡರೆ ಅವರೇ ಮೊಟ್ಟೆ ಇಲ್ಲದೆ ಮಾಡಿಕೊಡುವ ತನಕ ಬರುತ್ತಾರೆ. ಇದಕ್ಕೆಲ್ಲಾ ಸ್ಪ್ಯಾನಿಷ್ ಬೇಕು. ಈಗಿನಿಂದಲೇ ದಿನಾ ಒಂದು ಗಂಟೆ ಕಲಿಯಿರಿ. ಇಂಗ್ಲಿಷಿನಲ್ಲೇ ಬದುಕುವವರು ಪ್ರತಿ ಕಾಗದಕ್ಕೂ, ಪ್ರತಿ ಡಾಕ್ಟರ ಭೇಟಿಗೂ ಇನ್ನೊಬ್ಬರಿಗೆ ದುಡ್ಡು ತೆತ್ತು ಕರೆದೊಯ್ಯುತ್ತಾರೆ.

ಇನ್ನು ರಸ್ತೆ ಬಂದ್ ವಿಷಯ. ಕೊಟಕಾಚಿಯ ಸುತ್ತ ಇರುವುದು ಮೂಲನಿವಾಸಿ ಕಿಚ್ವಾ ಜನರ ಹಳ್ಳಿಗಳು, ಅವರ ಸಂಘಟನೆ ಬಹಳ ಗಟ್ಟಿ. 1996ರಲ್ಲೇ ಅವರಲ್ಲೇ ಒಬ್ಬರಾದ ಆವ್ಕಿ ತಿತ್ವಾನ್ಯಾ ಇಲ್ಲಿ ಮೇಯರ್ ಆಗಿ, ಊರಿನ ಬಜೆಟ್ಟನ್ನು ಜನರನ್ನು ಕೂರಿಸಿಕೊಂಡು ಮಾಡುವ ಪದ್ಧತಿ ತಂದವರು. ಇಂಧನ ಸಬ್ಸಿಡಿಗೆ ಸರ್ಕಾರ ಕೈಹಾಕಿದಾಗಲೆಲ್ಲ ಇವರು ಬೀದಿಗೆ ಇಳಿಯುತ್ತಾರೆ. 2019ರಲ್ಲಿ ಇಳಿದರು. 2022ರಲ್ಲಿ ಇಂಧನ ಬೆಲೆ, ಬದುಕಿನ ಖರ್ಚು ಮುಂದಿಟ್ಟು ಮತ್ತೆ 18 ದಿನ ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೀಸೆಲ್ ಸಬ್ಸಿಡಿ ತೆಗೆದು ಗ್ಯಾಲನ್‌ಗೆ 1.80 ಇದ್ದದ್ದನ್ನು 2.80 ಡಾಲರ್ ಮಾಡಿದಾಗ ಶುರುವಾದ ಮುಷ್ಕರ ಸುಮಾರು ಒಂದು ತಿಂಗಳು ಎಳೆಯಿತು, ಅದರ ಕೇಂದ್ರವೇ ಇಂಬಾಬುರಾ. ಪಾನ್ ಅಮೆರಿಕನ್ ಹೆದ್ದಾರಿಯಲ್ಲಿ ಮರ, ಕಲ್ಲು ಬಿದ್ದವು, ಒಟವಾಲೊದ ಸಂತೆ ನಿಂತಿತು, ಗ್ಯಾಸ್ ಸಿಗಲಿಲ್ಲ. ಕೊಟಕಾಚಿಯಲ್ಲಿ ಒಬ್ಬ ಪ್ರತಿಭಟನಕಾರ ಗುಂಡೇಟಿಗೆ ಪ್ರಾಣ ಬಿಟ್ಟ. ವಿದೇಶೀಯರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಆದರೆ ಊರಿನ ಸರ್ಕಾರಿ ಆಸ್ಪತ್ರೆ ಚಿಕ್ಕದು. ಪ್ರಾಂತ್ಯದ ರಾಜಧಾನಿ ಇಬಾರ್ರಾಗೆ ಮುಕ್ಕಾಲು ಗಂಟೆ, ಹೃದಯದ ದೊಡ್ಡ ಚಿಕಿತ್ಸೆಗೆ ಕೀಟೊಗೆ ಎರಡು ಗಂಟೆ. ರಸ್ತೆ ಮುಚ್ಚಿದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಆದ್ದರಿಂದ ಯಜಮಾನರ ಔಷಧಿ ಮನೆಯಲ್ಲಿ ಯಾವಾಗಲೂ ಎರಡು ತಿಂಗಳಿನಷ್ಟು ಇರಲಿ, ಎರಡನೇ ಸಿಲಿಂಡರ್ ತುಂಬಿರಲಿ. ಮುಷ್ಕರದ ಕರೆ ಕೊಟ್ಟ ದಿನವೇ, ಇನ್ನೂ ಬಸ್ಸು ಓಡುತ್ತಿರುವಾಗಲೇ, ಕೀಟೊದ ಆಸ್ಪತ್ರೆಗೆ ಹತ್ತಿರ ಒಂದು ರೂಮು ಮಾಡಿ ಹೋಗಿಬಿಡಿ. ಆ 15,000 ಇರುವುದು ಇಂಥದ್ದಕ್ಕೇ. ಬಂದೂಕು, ಗ್ಯಾಂಗು ಅಂತ ನೀವು ಸುದ್ದಿಯಲ್ಲಿ ನೋಡುವುದು ಬಹುಪಾಲು ಬಂದರು ನಗರ ಗ್ವಾಯಕೀಲ್ ಮತ್ತು ಕರಾವಳಿಯದು. 2024ರ ಜನವರಿಯಲ್ಲಿ ಸರ್ಕಾರ ‘ಆಂತರಿಕ ಸಶಸ್ತ್ರ ಸಂಘರ್ಷ’ ಅಂತ ಘೋಷಿಸಿದಾಗಲೂ ಈ ಊರು ಶಾಂತವಾಗಿತ್ತು. ಅದೇ ವರ್ಷದ ಕೊನೆಗೆ ಬರ ಬಿದ್ದು ಜಲವಿದ್ಯುತ್ ಕೈಕೊಟ್ಟಾಗ ದಿನಕ್ಕೆ 14 ಗಂಟೆ ತನಕ ಕರೆಂಟು ಹೋಗುತ್ತಿತ್ತು, ಅದು ಎಲ್ಲರನ್ನೂ ಮುಟ್ಟಿತು.

ಈಗ ಆ 80,000 ಡಾಲರಿನ ಮನೆ ಯಾಕೆ ಬೇಡ ಅಂತ ಗೊತ್ತಾಯಿತಲ್ಲ. ಇಲ್ಲಿ ಮನೆ ಕೊಳ್ಳುವುದು ಸುಲಭ, ಮಾರುವುದಕ್ಕೆ ವರ್ಷಗಳೇ ಹಿಡಿಯುತ್ತವೆ, ಯಾಕೆಂದರೆ ಆ ಬೆಲೆ ಕೊಡುವವರು ನಿಮ್ಮಂಥ ಇನ್ನೊಬ್ಬ ವಿದೇಶೀಯರೇ. ಗಲಾಟೆ ಆದ ವರ್ಷ ಅವರು ಬರುವುದಿಲ್ಲ, ನೀವು ಹೊರಡಬೇಕು ಅನ್ನುವುದೂ ಅದೇ ವರ್ಷ. ‘ಮನೆ ತಗೊಂಡರೆ ವೀಸಾ ಸಿಗುತ್ತೆ’ ಅಂತ ಆಸೆ ತೋರಿಸುತ್ತಾರೆ. ನಿಜವೇ, ಕನಿಷ್ಠ ಸಂಬಳದ ನೂರು ಪಟ್ಟು, ಅಂದರೆ 2025ರ ಲೆಕ್ಕದಲ್ಲಿ 47,000 ಡಾಲರ್ ಹೂಡಿದರೆ ಹೂಡಿಕೆದಾರರ ವೀಸಾ ಇದೆ. ನಿಮಗೆ ಅದು ಬೇಕಿಲ್ಲ. ಪಿಂಚಣಿ ವೀಸಾಕ್ಕೆ ತಿಂಗಳಿಗೆ ಕನಿಷ್ಠ ಸಂಬಳದ ಮೂರು ಪಟ್ಟು, ಅಂದರೆ 2025ರ ಲೆಕ್ಕದಲ್ಲಿ 1,410, ಜೊತೆಗೆ ಅವಲಂಬಿತರೊಬ್ಬರಿಗೆ 250, ಒಟ್ಟು 1,660 ತೋರಿಸಿದರೆ ಸಾಕು. ಯಜಮಾನರ 1,900 ಒಂದರಲ್ಲೇ ಇಬ್ಬರೂ ದಾಟುತ್ತೀರಿ. ಮೊದಲು ಎರಡು ವರ್ಷದ ವೀಸಾ, 21 ತಿಂಗಳು ಮುಗಿದ ಮೇಲೆ ಕಾಯಂ ರೆಸಿಡೆನ್ಸಿಗೆ ಅರ್ಜಿ. ಇನ್ನೂ ಒಂದು ಮಾತು. ಹಳ್ಳಿಯ ಸಮುದಾಯದ ಜಮೀನನ್ನು ಮಾರುವ ಹಾಗೇ ಇಲ್ಲ, 2008ರ ಸಂವಿಧಾನವೇ ಅದನ್ನು ತಡೆಯುತ್ತದೆ. ಉಳಿದ ಜಮೀನಿನ ಬೆಲೆ ಹೊರಗಿನವರು ಬಂದ ಮೇಲೆ ಏರಿ, ಇಲ್ಲೇ ಹುಟ್ಟಿದ ಹುಡುಗರಿಗೆ ಸೈಟು ಕೊಳ್ಳಲಾಗದ ಸ್ಥಿತಿ ಬಂದಿದೆ. ಬಾಡಿಗೆಗೆ ಇರುವವರ ಮೇಲೆ ಆ ಅಸಮಾಧಾನ ಕಮ್ಮಿ.

ಕಾಗದಪತ್ರದಲ್ಲಿ ನಮ್ಮವರಿಗೆ ಮಾತ್ರ ಬರುವ ಒಂದು ತೊಡಕಿದೆ, ಮದುವೆ ಸರ್ಟಿಫಿಕೇಟು. ನಿಮ್ಮ ಕಾಲದಲ್ಲಿ ಛತ್ರದಲ್ಲಿ ಮದುವೆಯಾಗಿ, ರಿಜಿಸ್ಟರ್ ಮಾಡಿಸದೆ ಬಿಟ್ಟವರೇ ಹೆಚ್ಚು. ಅವಲಂಬಿತರ ವೀಸಾಕ್ಕೆ ಅದು ಬೇಕೇ ಬೇಕು, ಅದಕ್ಕೆ ಭಾರತದ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಕಾಗದ ಅಸಲಿ ಅಂತ ಬೇರೆ ದೇಶದವರೂ ಒಪ್ಪುವ ಮುದ್ರೆ, ಇರಬೇಕು, ಅಮೆರಿಕದಲ್ಲಿ ಅದು ಆಗುವುದಿಲ್ಲ. ರಿಜಿಸ್ಟರ್ ಆಗಿಲ್ಲ ಅಂದರೆ ಮುಂದಿನ ಸಲ ಮೈಸೂರಿಗೆ ಹೋದಾಗ ಮೊದಲ ಕೆಲಸ ಅದೇ. ಸರ್ಟಿಫಿಕೇಟಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಇಲ್ಲಿನ ಗುಮಾಸ್ತರಿಗೆ ಅವು ಇಬ್ಬರು ಬೇರೆ ಬೇರೆ ಮನುಷ್ಯರು. ಎರಡೂ ಒಬ್ಬರೇ ಅನ್ನುವ ಅಫಿಡವಿಟ್ ಕೂಡ ಅಪೊಸ್ಟಿಲ್ ಮಾಡಿಸಿಟ್ಟುಕೊಳ್ಳಿ.

ಅದಕ್ಕೂ ಮುಂಚೆ ಬಂದು ಇದ್ದು ನೋಡಿ. ಅಮೆರಿಕದ ಪಾಸ್‌ಪೋರ್ಟಿಗೆ 90 ದಿನ ವೀಸಾ ಬೇಕಿಲ್ಲ. ಬಿಸಿಲುಗಾಲದ ಜುಲೈ, ಆಗಸ್ಟಿನಲ್ಲಿ ಬಂದರೆ ಯಾರಿಗಾದರೂ ಇಷ್ಟವಾಗುತ್ತದೆ. ನೀವು ಮಾರ್ಚ್, ಏಪ್ರಿಲ್, ಮೇಯಲ್ಲಿ ಬನ್ನಿ. ಮಧ್ಯಾಹ್ನ ಆಗುತ್ತಿದ್ದಂತೆ ಮಳೆ ಹಿಡಿಯುತ್ತದೆ, ಬಟ್ಟೆ ಒಣಗುವುದಿಲ್ಲ, ಸುತ್ತಲಿನ ಬೆಟ್ಟಗಳು ದಿನಗಟ್ಟಲೆ ಮೋಡದಲ್ಲಿ ಇರುತ್ತವೆ. ಆ ಮೂರು ತಿಂಗಳು ನ್ಯೂಜೆರ್ಸಿ ಮನೆಯ ಲೀಸು ಬಿಡಬೇಡಿ, ಸಾಮಾನು ಮಾರಬೇಡಿ, ಯಜಮಾನರ ಬಿಪಿ ಪುಸ್ತಕವನ್ನು ವಾಪಸ್ ಹೋದಾಗ ಡಾಕ್ಟರಿಗೆ ತೋರಿಸಿ. ಆಮೇಲೂ ಮನಸ್ಸಿದ್ದರೆ ಮದುವೆ ಸರ್ಟಿಫಿಕೇಟು ಮೊದಲು, ಸೋಶಿಯಲ್ ಸೆಕ್ಯುರಿಟಿ ಪತ್ರ ಆಮೇಲೆ, ಎಫ್‌ಬಿಐ ಕೊಡುವ, ಅಪರಾಧದ ದಾಖಲೆ ಇಲ್ಲ ಅನ್ನುವ ಪೊಲೀಸ್ ಸರ್ಟಿಫಿಕೇಟು ಎಲ್ಲಕ್ಕಿಂತ ಕೊನೆಗೆ ಮಾಡಿಸಿ. ಅದಕ್ಕೆ ಆರು ತಿಂಗಳಷ್ಟೇ ಬೆಲೆ, ಮೊದಲೇ ತರಿಸಿಟ್ಟುಕೊಂಡವರು ಮದುವೆ ಕಾಗದ ಬರುವಷ್ಟರಲ್ಲಿ ಎರಡನೇ ಸಲ ಬೆರಳಚ್ಚು ಕೊಡಬೇಕಾಗುತ್ತದೆ.